ಏನೂ ಇಲ್ಲ ಎಂದವರು ಕೇಳಿದ ಚೀಲಗಳು

ಅಥವಾ ಆ ಹುರಿಗಳು ನೀಲಿಯಾಗಿರಲೇ ಇಲ್ಲವೇನೋ. ನೆನಪಿನಲ್ಲಿ ಮಾತ್ರ ಅವು ನೀಲಿ: ಗೋಡೆಯುದ್ದಕ್ಕೂ ಮೊಳೆಗಳು, ಪ್ರತಿ ಮೊಳೆಗೂ ಒಂದು ನೀಲಿ ಹುರಿ, ಹುರಿಯ ತುಂಬ ಗಂಟುಗಳು. ಆದರೆ ಚನ್ನಗಿರಿಯ ಆ ಅಂಗಡಿಯಲ್ಲಿ ಆ ವರ್ಷ ಚೀಲ ಹೊಲಿಯುತ್ತಿದ್ದದ್ದು ಸೆಣಬಿನ ಹುರಿಯಿಂದ, ಅದು ಮಣ್ಣಿನ ಬಣ್ಣದ್ದು. ನೀಲಿ ಪ್ಲಾಸ್ಟಿಕ್ ಹುರಿ ಬಂದದ್ದು ಆಮೇಲೆ. ಅಂದರೆ ಈಚಿನ ಬಣ್ಣವನ್ನು ತೆಗೆದು ಹಿಂದಿನ ಗೋಡೆಗೆ ಬಳಿದಿದ್ದೇನೆ. ಬಣ್ಣದಲ್ಲೇ ಎಡವಿದವನು, ಯಾವುದು ಮೊದಲಾಯಿತು ಯಾವುದು ಆಮೇಲಾಯಿತು ಎಂದು ಹೇಳಹೊರಟರೆ ಎಷ್ಟು ನಂಬಬೇಕು? ಮೆಕ್ಕೆಜೋಳದ ಆ ಸುಗ್ಗಿಯಲ್ಲಿ ನಡೆದದ್ದೆಲ್ಲ ನಿಂತಿರುವುದು ಆ ಮೊದಲು ಮತ್ತು ಆಮೇಲಿನ ಮೇಲೆಯೇ. ಖಚಿತವಾಗಿ ಗೊತ್ತಿರುವುದರಿಂದ ಶುರುಮಾಡುತ್ತೇನೆ.

ನಾನು ಆಗ ಹೊನ್ನಾಳಿಯ ಒಂದು ಮಂಡಿಯಲ್ಲಿ ಕೆಲಸಕ್ಕಿದ್ದೆ. ರೈತರಿಂದ ಮೆಕ್ಕೆಜೋಳ ಕೊಂಡು ಕೋಳಿ ಆಹಾರ ಮಾಡುವ ಕಾರ್ಖಾನೆಗಳಿಗೆ ಕಳಿಸುವ ಮಂಡಿ. ತೂಕದ ಚೀಟಿ ಬರೆಯುವುದು, ಖಾಲಿ ಚೀಲ ತರಿಸುವುದು, ಇವಲ್ಲದೆ ದಿನಾ ಬೆಳಿಗ್ಗೆ ಒಂದು ಮೊಬೈಲ್ ಗುಂಪಿಗೆ ಧಾರಣೆ ಬರೆದು ಹಾಕುವುದು ನನ್ನ ಕೆಲಸ. ಗುಂಪಿನಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ನಾಲ್ಕೂ ತಾಲ್ಲೂಕಿನ ರೈತರಿದ್ದರು, ಸಣ್ಣಪುಟ್ಟ ವ್ಯಾಪಾರಿಗಳಿದ್ದರು. ಮೊದಲ ವಾರ ಬರೀ ಧಾರಣೆ ಹಾಕಿದೆ. ಮಂಡಿಯ ಸಾಹುಕಾರರಿಗೆ ಅದು ಹಿಡಿಸಲಿಲ್ಲ.

“ಬರೀ ರೇಟು ಹಾಕಿದ್ರೆ ಯಾವನೋ ಓದ್ತಾನೆ? ಯಾಕೆ ಏರ್ತು, ಯಾಕೆ ಇಳೀತು ಅಂತ ಬರಿ. ಮನೇಲಿ ಕುಂತು ಕತೆ ಬರಿತೀಯಂತಲ್ಲ, ಇಲ್ಲೂ ಒಂಚೂರು ಬರಿ.”

ಬರೆದೆ. ಧಾರಣೆ ಏರಿದರೆ ಮೋಡ ಕವಿದಿದೆ ಎಂದೆ. ಇಳಿದರೆ ಲಾರಿ ಸಿಗುತ್ತಿಲ್ಲ ಎಂದೆ. ಶ್ರಾವಣದಲ್ಲಿ ಜನ ಕೋಳಿ ತಿನ್ನುವುದಿಲ್ಲ, ಹೊರದೇಶದ ಜೋಳ ಹೊತ್ತ ಹಡಗು ಬಂತಂತೆ, ಬಿಹಾರದಲ್ಲಿ ನೆರೆಯಂತೆ. ಈ ‘ಅಂತೆ’ಗಳನ್ನು ನಾನು ಕಂಡುಹಿಡಿಯುತ್ತಿರಲಿಲ್ಲ, ಯಾರೋ ಹೇಳಿದ್ದನ್ನೇ ಎತ್ತಿಕೊಳ್ಳುತ್ತಿದ್ದೆ. ಆದರೆ ಇಡೀ ಬೆಳಿಗ್ಗೆ ಕಿವಿಗೆ ಬಿದ್ದ ಹತ್ತು ಮಾತುಗಳಲ್ಲಿ ಅವತ್ತಿನ ಧಾರಣೆಗೆ ಹೊಂದುವ ಒಂದನ್ನು ಆರಿಸುವುದು ನನ್ನ ಕೈಯಲ್ಲಿತ್ತು. ಜನ ಓದತೊಡಗಿದರು. ಸಂತೆಯಲ್ಲಿ ಗುರುತು ಹಿಡಿದು “ಚೆನ್ನಾಗಿ ಬರಿತೀರಿ ರೀ” ಎಂದು ಚಹಾ ಕುಡಿಸಿದವರಿದ್ದಾರೆ. ನನ್ನ ಸಣ್ಣಕತೆಗಳನ್ನು ಓದಿ ಯಾರೂ ಯಾವತ್ತೂ ಚಹಾ ಕುಡಿಸಿರಲಿಲ್ಲ.

ಓದದವರು, ಅಥವಾ ಓದುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದವರು, ಚೀಲದ ಭಾಯಿ ಒಬ್ಬರೇ.

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಹಳೆಯ ಗೋಣಿಚೀಲ ಕೊಂಡು, ಹರಿದದ್ದಕ್ಕೆ ತೇಪೆ ಹಾಕಿ, ಸುಗ್ಗಿಯಲ್ಲಿ ಮಾರುವುದು ಅವರ ವ್ಯಾಪಾರ. ಮಂಡಿಗೆ ಚೀಲ ತರಲು ಹೋದಾಗಲೆಲ್ಲ ಅವರು ಒಂದೇ ರೀತಿ ಸ್ವಾಗತಿಸುತ್ತಿದ್ದರು.

“ಬರ್ರಿ ಕತೆಗಾರ್ರೆ. ಇವತ್ತು ಯಾವ ಕತೆ ಬಿಟ್ರಿ?”

“ಮೋಡ ಐತಲ್ಲ ಭಾಯಿ, ಅದಕ್ಕೆ ರೇಟು ಏರೈತೆ ಅಂತ ಬರದೆ.”

“ನಿನ್ನೆನೂ ಮೋಡ ಇತ್ತು. ನಿನ್ನೆ ಯಾಕೆ ಇಳೀತು?”

“ನಿನ್ನೆ... ನಿನ್ನೆ ಬೇರೆ ಕಾರಣ ಇತ್ತು.”

“ಮೋಡಕ್ಕೆ ನಿನ್ನೆ ರಜಾ ಏನ್ರಿ?” ಎಂದು ತಮ್ಮ ಹೆಂಡತಿಯ ಕಡೆ ನೋಡಿ ನಗುತ್ತಿದ್ದರು. ಆಕೆ ಬಾಗಿಲ ಬೆಳಕಿನಲ್ಲಿ ಚೀಲದ ರಾಶಿಯ ಮೇಲೆಯೇ ಕೂತು ದಬ್ಬಣದಿಂದ ತೇಪೆ ಹಾಕುತ್ತಿದ್ದರು. ನಗದೆ, “ಅವರ ಹೊಟ್ಟೆಪಾಡು ಅದು, ಸುಮ್ನಿರ್ರಿ” ಎನ್ನುತ್ತಿದ್ದರು. ಆ ಸಮರ್ಥನೆ ಗಂಡನ ಗೇಲಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಆ ವರ್ಷ ಅವರಿಗೇ ನಗು ಕಡಿಮೆಯಾಗಿತ್ತು. ಹಿಂದಿನ ವರ್ಷ ಎಲ್ಲರೂ ಬಂಪರ್ ಬೆಳೆ, ಬಂಪರ್ ಬೆಳೆ ಎಂದದ್ದನ್ನು ನಂಬಿ ಲಾರಿಗಟ್ಟಲೆ ಚೀಲ ತರಿಸಿದ್ದರು. ಬೆಳೆ ಅಷ್ಟು ಬರಲಿಲ್ಲ, ಚೀಲ ಉಳಿದವು, ಮಳೆಗಾಲದಲ್ಲಿ ಮುಗ್ಗಿದವು, ಇಲಿಗಳು ಸಂಸಾರ ಹೂಡಿದವು. ಬಾಡಿಗೆ ಕಟ್ಟುವುದು ನಿಂತಿತು. ಕಟ್ಟಡದ ಮಾಲೀಕ ಈ ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಬೀಗದ ಕೈ ಕೊಡಿ ಎಂದಿದ್ದ. ಕೊಟ್ಟರೆ ಭಾಯಿ ಮತ್ತೆ ಯಾರದೋ ಅಂಗಡಿಯಲ್ಲಿ ಚೀಲಕ್ಕಿಷ್ಟು ಎಂದು ತೇಪೆ ಹಾಕುತ್ತ ಕೂರಬೇಕು. ಇಪ್ಪತ್ತು ವರ್ಷ ಹಾಗೆ ಕೂತು ಎದ್ದು ಬಂದವರು ಅವರು. ಒಂದೇ ಸುಗ್ಗಿ ಉಳಿದಿತ್ತು. ಎಷ್ಟು ಚೀಲ ಎಂಬುದನ್ನು ಸುಗ್ಗಿಗೆ ಮುಂಚೆಯೇ, ತೆನೆ ಹಸಿಯಾಗಿದ್ದಾಗಲೇ ತೀರ್ಮಾನಿಸಬೇಕಿತ್ತು. ಕಡಿಮೆ ತರಿಸಿದರೆ ಬಾಡಿಗೆಗೇ ಸಾಲದು. ಹೆಚ್ಚು ತರಿಸಿ ಉಳಿದರೆ ಹೋದ ವರ್ಷದ ಗತಿ.

ಆ ತಿಂಗಳು ನಾಲ್ಕೂ ತಾಲ್ಲೂಕು ಒಂದೇ ಮಾತು ಆಡುತ್ತಿತ್ತು: ಈ ಸಲ ಏನೂ ಇಲ್ಲ. ನಾನೂ ಅದನ್ನೇ ಬರೆಯುತ್ತಿದ್ದೆ. ಹುಳ ತಿಂದಿದೆ, ಬೆಳೆ ಇಲ್ಲ, ಧಾರಣೆ ಏರಲಿದೆ.

ಒಂದು ಭಾನುವಾರ ಭಾಯಿ ತಮ್ಮ ಹಳೆಯ ಬೈಕಿನಲ್ಲಿ ಹೊನ್ನಾಳಿಗೆ ಬಂದರು. “ಹಿಂದೆ ಕುಂದರ್ರಿ, ನಿಮ್ಮ ಕತೆ ಎಲ್ಲಿ ಹುಟ್ಟುತ್ತೆ ತೋರಿಸ್ತೀನಿ” ಎಂದರು. ಭಾನುವಾರ ಹೌದು, ಏಕೆಂದರೆ ಮಂಡಿಗೆ ರಜೆ ಇತ್ತು. ಅಥವಾ ನಾನು ರಜೆ ಹಾಕಿದ್ದೆನೇ? ಇರಲಿ. ಸಾಸ್ವೆಹಳ್ಳಿ ಕಡೆ ಹೋಗಿ ಬಂದು, ನ್ಯಾಮತಿ ದಾಟಿ ಸವಳಂಗಕ್ಕೆ ಹೋದೆವು. ರಸ್ತೆ ಪಕ್ಕದ ಒಂದು ಹೊಲದ ಬದುವಿನಲ್ಲಿ ಬೈಕು ನಿಲ್ಲಿಸಿದರು. ಹೊಲದವನು ಎದ್ದು ಬಂದ. ಅವನ ಬೆನ್ನ ಹಿಂದೆ ಮೆಕ್ಕೆಜೋಳ ಅವನಿಗಿಂತ ಎರಡು ಮೊಳ ಎತ್ತರ ನಿಂತಿತ್ತು, ತೆನೆಗಳು ನನ್ನ ಮುಂಗೈಯಷ್ಟು ದಪ್ಪ.

“ಹೆಂಗೈತೆ ಗೌಡ್ರೆ ಬೆಳೆ?” ಎಂದೆ ನಾನು.

“ಎಲ್ಲಿ ಬೆಳೆ ತೆಗೀರಿ. ಈ ಸಲ ಏನೂ ಇಲ್ಲ. ಹುಳ ತಿಂದು ಹೋತು.”

ಒಂದು ತೆನೆ ಗಾಳಿಗೆ ಅವನ ಭುಜ ತಟ್ಟುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾಯಿ ನನ್ನ ಅಂಗಿ ಎಳೆದು, “ಪಾಪ, ಹೌದೇ? ಎಲ್ಲಾ ಕಡೆ ಹಂಗೇ ಅಂತೆ ಬಿಡ್ರಿ” ಎಂದು ಮರುಗಿದರು. ಬೀಡಿ ಕೊಟ್ಟರು. ಮಗಳ ಸ್ಕೂಲಿನ ವಿಷಯ ಕೇಳಿದರು. ಬೈಕು ತಿರುಗಿಸುತ್ತ, ಅದೇನೋ ಆಗಷ್ಟೇ ನೆನಪಾದಂತೆ, “ಚೀಲ ಎಷ್ಟು ತೆಗೆದಿಡ್ಲಿ ನಿಮಗೆ?” ಎಂದರು.

“ನೂರೈವತ್ತು ಇರ್ಲಿ ಭಾಯಿ. ಬ್ಯಾಡ, ನೂರಾ ಎಂಬತ್ತು ಇರ್ಲಿ. ಆಮ್ಯಾಲೆ ಚೀಲ ಇಲ್ಲ ಅಂದ್ರೆ ಕಾಳು ಕಣದಾಗೆ ಬಿಟ್ಟು ನಾನೆಲ್ಲಿ ಓಡಾಡ್ಲಿ?”

ದಾರಿಯಲ್ಲಿ ನಾನು, “ಸುಳ್ಳು ಹೇಳ್ದ ಅವನು” ಎಂದೆ.

“ಸುಳ್ಳಲ್ಲ ರೀ ಅದು. ನಜರು ಆಗುತ್ತೆ, ಕಣ್ಣು ಬೀಳುತ್ತೆ ಅಂತ ಹೆದರಿಕೆ. ತುಂಬಿದ ಹೊಲದ ಮುಂದೆ ನಿಂತು ತುಂಬೈತೆ ಅಂತ ಯಾವನೂ ಅನ್ನಲ್ಲ. ನೀವು ಅಂತೀರ? ನಿಮ್ಮ ಪುಸ್ತಕ ಹೆಂಗೈತೆ ಅಂದ್ರೆ ಏನಂತೀರ ಹೇಳ್ರಿ ನೋಡೋಣ. ಆದ್ರೆ ಕಣದಾಗೆ ಕಾಳು ಬಿದ್ದು ಚೀಲ ಇಲ್ಲ ಅನ್ನೋ ಹೆದರಿಕೆ ಇದೆಯಲ್ಲ, ಅದು ನಜರಿಗಿಂತ ದೊಡ್ಡದು. ಅದಕ್ಕೇ ನಾನು ಬೆಳೆ ಕೇಳಲ್ಲ. ಚೀಲ ಕೇಳ್ತೀನಿ.”

ಹಿಂದೆ ಕೂತಿದ್ದ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಈ ಮಾತುಗಳನ್ನು ಅವರು ಇಷ್ಟು ಒಪ್ಪವಾಗಿ ಆಡಿರಲಾರರು, ಜೋಡಿಸಿದವನು ನಾನೇ ಇರಬೇಕು. ಆದರೆ ನೂರೈವತ್ತು ನೂರಾ ಎಂಬತ್ತಾದದ್ದು ನಿಜ. ಬೆಳೆಯ ಬಗ್ಗೆ ಒಬ್ಬ ಮನುಷ್ಯನ ಬಾಯಿಂದ ಎರಡು ಉತ್ತರ ಕೇಳಿದ್ದು ನಿಜ, ಎರಡನೆಯದನ್ನು ಕೇಳುವ ಉಪಾಯ ನನಗೆ ಹೊಳೆದೇ ಇರಲಿಲ್ಲ ಎಂಬುದೂ ನಿಜ.

ವಾಪಸು ನ್ಯಾಮತಿಯಲ್ಲಿ ಚಹಾಕ್ಕೆ ನಿಂತೆವು. ಬೆಂಚಿನ ಮೇಲೆ ಐದಾರು ರೈತರು. ಒಬ್ಬ ಇನ್ನೊಬ್ಬನ ಬೆಳೆ ಹೋದದ್ದಕ್ಕೆ ಮರುಗುತ್ತಿದ್ದ. ಆ ಇನ್ನೊಬ್ಬ ಮೊದಲನೆಯವನ ಊರಿನ ಕಡೆ ಪೂರ್ತಿ ನಾಶವಂತೆ ಎನ್ನುತ್ತಿದ್ದ. ಅವರಲ್ಲಿ ಇಬ್ಬರಾದರೂ ಭಾಯಿಗೆ ಮೊದಲೇ ಚೀಲ ಹೇಳಿದ್ದವರು. ಪ್ರತಿಯೊಬ್ಬನಿಗೂ ತಾನು ಆಡಿದ್ದು ಬರೀ ಬಾಯಿಮಾತು ಎಂದು ಗೊತ್ತಿತ್ತು. ಉಳಿದವರು ಆಡಿದ್ದು ಮಾತ್ರ ನಿಜವೆಂದು ನಂಬಿದ್ದ. ಹಾಗಾಗಿ ತನ್ನ ತುಂಬಿದ ಹೊಲ ಇಡೀ ಸೀಮೆಯಲ್ಲಿ ಒಂದೇ ಎಂದುಕೊಂಡು, ಧಾರಣೆ ಏರಲಿ, ಕಾಯೋಣ ಎಂದು ಪ್ರತಿಯೊಬ್ಬನೂ ಒಳಗೊಳಗೇ ಹಿಗ್ಗುತ್ತಿದ್ದ. ಆ ಹಿಗ್ಗಿಗೆ ಆಧಾರವಾಗಿ ಒಬ್ಬ ಜೇಬಿನಿಂದ ಮೊಬೈಲ್ ತೆಗೆದು ಓದಿದ. ಓದಿದ್ದು ನಾನು ಹಿಂದಿನ ದಿನ ಬರೆದದ್ದು. ಭಾಯಿ ಚಹಾದ ಲೋಟದ ಮೇಲಿಂದ ನನ್ನನ್ನು ನೋಡಿದರು.

ಜಗಳೂರಿಗೆ ಹೋದದ್ದು ಬೇರೆ ದಿನ, ಬಸ್ಸಿನಲ್ಲಿ. ಭಾಯಿಗೆ ಅಲ್ಲಿ ನೋಡಬೇಕಿದ್ದದ್ದು ಹೊಲವಲ್ಲ. ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿದ್ದ ಬಿತ್ತನೆಯ ಪಟ್ಟಿ. ಯಾವ ಹೋಬಳಿಯಲ್ಲಿ ಯಾವ ಬೆಳೆ ಎಷ್ಟು ಹೆಕ್ಟೇರ್ ಎಂಬ ಕಾಗದ. ಅಂಚು ಸುರುಳಿಯಾಗಿತ್ತು, ಯಾರೋ ಅದರ ಮೇಲೆ ಸುಣ್ಣದ ಬೆರಳು ಒರೆಸಿದ್ದರು. ಅವರು ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಅರ್ಧ ಗಂಟೆ ನಿಂತು ಓದಿದರು.

“ಇದನ್ನ ಯಾರೂ ಓದಲ್ಲ” ಎಂದರು. “ಅದಕ್ಕೇ ನಂಗೆ ಇದು ಇಷ್ಟ. ಇದಕ್ಕೆ ನನ್ನನ್ನ ಖುಷಿ ಮಾಡೋ ಆಸೆ ಇಲ್ಲ.”

ನಾನು ಅವರನ್ನು ಮೆಚ್ಚಿಕೊಂಡದ್ದು ಯಾವಾಗ ಎಂದು ಕೇಳಿದರೆ ಆ ಗೋಡೆಯ ಮುಂದೆ ಎನ್ನುತ್ತೇನೆ. ಅಷ್ಟು ಬೇಸರದ ಕಾಗದವನ್ನು ಅಷ್ಟು ಮರ್ಯಾದೆಯಿಂದ ಓದಿದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಹಾಗೆಂದು ಪಟ್ಟಿಯನ್ನೂ ಅವರು ಪೂರ್ತಿ ನಂಬಲಿಲ್ಲ. ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ ಎಂದು, ಕೂಲಿ ಹೆಂಗಸರ ಗುಂಪು ಕಟ್ಟುವ ಒಬ್ಬಾಕೆಯ ಮನೆಗೆ ಕರೆದೊಯ್ದರು. ತೆನೆ ಮುರಿಯಲು ಯಾವ ಹೊಲಕ್ಕೆ ಎಷ್ಟು ಆಳು ಕೇಳಿದ್ದಾರೆ ಎಂಬುದು ಆಕೆಗೆ ಬಾಯಿಪಾಠ.

“ಎಲ್ಲಾರೂ ಏನೂ ಇಲ್ಲ ಏನೂ ಇಲ್ಲ ಅಂತಾರಣ್ಣ” ಎಂದು ಆಕೆ ನಕ್ಕಳು. “ಏನೂ ಇಲ್ಲದ್ದನ್ನ ಮುರಿಯಾಕೆ ಹದಿನೈದು ಆಳು ಯಾಕೆ ಬೇಕು ಅಂತ ಒಬ್ಬನೂ ಹೇಳವಲ್ಲ.”

ಇವೆಲ್ಲ ಬಂದು ಸೇರುತ್ತಿದ್ದದ್ದು ಆ ಹುರಿಗಳಿಗೆ. ಚೀಲದ ಅಂಗಡಿಯಲ್ಲಿ ಕಾಗದ ಉಳಿಯುವುದಿಲ್ಲ, ಇಲಿ ತಿನ್ನುತ್ತದೆ; ಹಾಗಾಗಿ ಅವರು ಗಂಟು ಹಾಕುತ್ತಿದ್ದರು. ಊರಿಗೊಂದು ಮೊಳೆ. ಹತ್ತು ಚೀಲಕ್ಕೆ ಒಂದು ಗಂಟು. ಮಾತಿಗೆ ನಿಲ್ಲುವವರದು ಬಿಗಿ ಗಂಟು, ನೂರು ಅಂದು ಅರವತ್ತು ಒಯ್ಯುವವರದು ಸಡಿಲ ಗಂಟು. ಬಿತ್ತನೆಯ ಪಟ್ಟಿಯಾಗಲಿ ಆಳುಗಳ ಸುದ್ದಿಯಾಗಲಿ ಒಂದು ಊರಿನ ಮಾತಿಗೆ ಹೊಂದದಿದ್ದರೆ ಆ ಹುರಿಯ ತುದಿಗೆ ಒಂದು ಚಿಂದಿ ಸಿಕ್ಕಿಸುತ್ತಿದ್ದರು, ಇನ್ನೊಮ್ಮೆ ಹೋಗಿ ನೋಡಬೇಕು ಎಂಬ ಗುರುತಿಗೆ. ಎರಡು ವಾರದಲ್ಲಿ ಕೆರೆಬಿಳಚಿಯ ಹುರಿ ನೆಲ ಮುಟ್ಟಿತು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಅವರು ದೊಡ್ಡ ವ್ಯಾಪಾರಿಗೆ ಫೋನ್ ಮಾಡಿ ಎರಡು ಲಾರಿ ಚೀಲ ಹೇಳಿದರು.

ಹೆಂಡತಿಯ ದಬ್ಬಣ ನಿಂತಿತು. “ಊರೆಲ್ಲ ಏನೂ ಇಲ್ಲ ಅಂತೈತೆ. ನಿಮಗೊಬ್ರಿಗೇ ಕಂಡೈತ?”

“ನಂಗೇನೂ ಕಂಡಿಲ್ಲ. ಕೇಳಿದ್ದನ್ನ ಗಂಟು ಹಾಕೀನಿ.”

“ಹೋದ ವರ್ಷವೂ ಕೇಳಿದ್ರಿ.”

“ಹೋದ ವರ್ಷ ಕತೆ ಕೇಳಿದ್ದೆ” ಎಂದರು ಭಾಯಿ. ನನ್ನ ಕಡೆ ನೋಡಲಿಲ್ಲ. ಅದು ಅವರ ಸೌಜನ್ಯ.

ಚೀಲ ಬಂದವು. ತಾರಸಿಯವರೆಗೆ ತುಂಬಿ, ಹೆಂಡತಿ ಕೂರುವ ಜಾಗ ಬಾಗಿಲ ಹೊರಗೆ ಬಂತು. ಆದರೆ ಯಾರೂ ಒಯ್ಯಲಿಲ್ಲ. ಬೆಳೆ ಹಣ್ಣಾಗಿತ್ತು, ಜನ ಮುರಿಯುತ್ತಿರಲಿಲ್ಲ. ಹೊಲದಲ್ಲೇ ನಿಲ್ಲಿಸಿ ಧಾರಣೆ ಏರುವುದನ್ನು ಕಾಯುತ್ತಿದ್ದರು. ಧಾರಣೆ ಏರುತ್ತಲೂ ಇತ್ತು, ಯಾರೂ ಮಾರದೆ ಇದ್ದದ್ದಕ್ಕೇ. ಅದಕ್ಕೂ ನಾನು ದಿನಾ ಕಾರಣ ಬರೆದೆ. ದೀಪಾವಳಿ ಹತ್ತಿರವಾಗುತ್ತಿತ್ತು. ಮಾಲೀಕ ಒಮ್ಮೆ ಬಂದು, ರಾಶಿಯನ್ನು ನೋಡಿ ಹೋದ. ಭಾಯಿ ಧೈರ್ಯವಾಗಿದ್ದರು ಎಂದು ಬರೆಯಲು ಕೈ ಬರುತ್ತಿದೆ, ಆದರೆ ಹಾಗಿರಲಿಲ್ಲ. ಅವರು ಹುರಿಗಳ ಮುಂದೆ ನಿಂತು ಗಂಟುಗಳನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟುವುದನ್ನು ನಾನು ನೋಡಿದ್ದೇನೆ. ಲೆಕ್ಕ ಸರಿಯಿದ್ದು ದಿನ ತಪ್ಪಾಗಿದ್ದರೆ? ಜನ ದೀಪಾವಳಿಯ ನಂತರ ಮುರಿದರೆ ಅವರ ಎಣಿಕೆ ಸರಿಯೇ ಇರುತ್ತಿತ್ತು, ಅಂಗಡಿ ಮಾತ್ರ ಇರುತ್ತಿರಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಅವರು ನನಗೆ ಹುರಿ ಓದುವುದನ್ನು ಕಲಿಸಿದರು. ಅದುವರೆಗೆ ನನಗೆ ಅದು ಬರೀ ಗೋಡೆ. ಬಿಗಿ ಯಾವುದು, ಸಡಿಲ ಯಾವುದು, ಯಾವ ಮೊಳೆ ಯಾವ ಊರು, ಚಿಂದಿ ಯಾಕೆ, ಎಲ್ಲವನ್ನೂ ಹೇಳಿ, “ಈಗ ನೀವು ಓದ್ರಿ” ಎಂದರು. ಕಣ್ಣು ಮುಚ್ಚಿ ಬೆರಳಿನಿಂದ ಓದಿದೆ. ಏನೂ ಇಲ್ಲ ಎಂದ ನಾಲ್ಕು ತಾಲ್ಲೂಕು ಕೈಗೆ ಸಿಕ್ಕಿತು, ಗಂಟು ಗಂಟಾಗಿ.

ಮರುದಿನ ಬೆಳಿಗ್ಗೆ, ಅಥವಾ ಅದರ ಮರುದಿನ, ನಾನು ಗುಂಪಿಗೆ ಕಾರಣ ಬರೆಯಲಿಲ್ಲ. ಊರಿನ ಹೆಸರು, ಕೇಳಿದ ಚೀಲ, ಊರಿನ ಹೆಸರು, ಕೇಳಿದ ಚೀಲ, ಹೀಗೆ ಕೆಳಗಿನವರೆಗೆ. ಕೊನೆಯಲ್ಲಿ ಒಂದೇ ಸಾಲು: ಬೆಳೆ ಎಲ್ಲರಲ್ಲೂ ಇದೆ. ಭಾಯಿಯನ್ನು ಕೇಳಿರಲಿಲ್ಲ, ಅಂಗಡಿಯ ಹೆಸರು ಹಾಕಿರಲಿಲ್ಲ. ಗುಂಪಿನಲ್ಲಿ ಬೈಗುಳ ಶುರುವಾಯಿತು. “ನಮ್ಮ ಮನೆ ಚೀಲ ಎಣಿಸಾಕೆ ನೀನ್ಯಾರೋ?” ಎಂದು ಒಬ್ಬ. “ಹಂಗಾದ್ರೆ ಸುಳ್ಳು ಹೇಳ್ದೇನಪ್ಪ ಮಾವ ನಂಗೆ?” ಎಂದು ಇನ್ನೊಬ್ಬ ಮೂರನೆಯವನಿಗೆ. ಸಾಹುಕಾರರು ಕರೆಸಿ, “ಕತೆ ಬರಿ ಅಂದ್ರೆ ಚೀಲ ಬರ್ದಿದೀಯಲ್ಲೋ ಪುಣ್ಯಾತ್ಮ, ಇದ್ರಾಗೆ ರುಚಿ ಎಲ್ಲೈತೆ?” ಎಂದರು. ಸುಗ್ಗಿ ಮುಗಿಯುವ ಮೊದಲೇ ಆ ಕೆಲಸ ಬೇರೊಬ್ಬನಿಗೆ ಹೋಯಿತು. ಅವನು ಚೆನ್ನಾಗಿ ಬರೆಯುತ್ತಾನೆ.

ಆ ವಾರವೇ ನಾಲ್ಕೂ ತಾಲ್ಲೂಕಿನಲ್ಲಿ ತೆನೆ ಮುರಿಯುವುದು ಒಮ್ಮೆಲೇ ಶುರುವಾಯಿತು. ಒಕ್ಕಣೆಯ ಯಂತ್ರಗಳು ರಸ್ತೆಯಲ್ಲಿ ಒಂದರ ಹಿಂದೆ ಒಂದು. ಭಾಯಿಯ ಓಣಿಯಲ್ಲಿ ಟ್ರ್ಯಾಕ್ಟರ್ ಸಾಲು ನಿಂತಿತು. ಆರು ದಿನಕ್ಕೆ ರಾಶಿ ಇಳಿದು ಹಿಂಬದಿಯ ಗೋಡೆ ಕಂಡಿತು. ಕೊನೆಗೆ ಬಂದವನಿಗೆ ಕೊಡಲು ಚೀಲ ಸಾಲದೆ, ಹೆಂಡತಿ ತಾವು ಕೂರುವ ಚೀಲವನ್ನೂ ಕೊಡವಿ ಕೊಟ್ಟರು. ಬಾಡಿಗೆ ತೀರಿತು. ಬೀಗದ ಕೈ ಅವರ ಸೊಂಟದಲ್ಲೇ ಉಳಿಯಿತು. ಧಾರಣೆ ಮಾತ್ರ ಇಳಿಯಿತು, ಕಾದು ಮಾರಿದವರಿಗೆ ಕಡಿಮೆ ಸಿಕ್ಕಿತು. ನ್ಯಾಮತಿಯಲ್ಲಿ ಮೊಬೈಲ್ ತೆಗೆದು ಓದಿದ್ದ ಆ ರೈತ ನನ್ನ ಮುಖ ನೋಡಿದರೆ ಈಗಲೂ ಪಕ್ಕಕ್ಕೆ ತಿರುಗುತ್ತಾನೆ. ಅದು ನನ್ನ ಯಾವ ಬರಹಕ್ಕೆ, ಮೊದಲಿನವಕ್ಕೋ ಕೊನೆಯದಕ್ಕೋ, ಅವನೇ ಹೇಳಬೇಕು.

ಗಂಟುಗಳು ಗೆದ್ದವು, ಕತೆ ಸೋತಿತು ಎಂದು ಇಲ್ಲಿಗೆ ಮುಗಿಸಬಹುದಿತ್ತು. ವರ್ಷಗಟ್ಟಲೆ ಹಾಗೆಯೇ ಹೇಳಿಕೊಂಡು ತಿರುಗಿದ್ದೇನೆ. ಆದರೆ ಆ ವಾರ ಮೋಡವೂ ಕವಿದಿತ್ತು. ಒಣಗಿ ನಿಂತ ತೆನೆ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ. ಮೋಡ ಕಂಡರೆ ಯಾರೂ ಕಾಯುವುದಿಲ್ಲ. ನಾನು ಬರೆದ ಮೇಲೆ ಮೋಡ ಬಂತೇ, ಮೋಡ ಬಂದ ಮೇಲೆ ನಾನು ಬರೆದೆನೇ? ಆ ಫೋನ್ ಕೆಟ್ಟುಹೋಯಿತು, ಗುಂಪಿನ ಹಳೆಯ ಸಂದೇಶಗಳು ಅದರೊಂದಿಗೇ ಹೋದವು. ನೆನಪು ಎರಡು ರೀತಿಯೂ ಹೇಳುತ್ತದೆ, ಎರಡನ್ನೂ ಅಷ್ಟೇ ಖಚಿತವಾಗಿ. ಹಿಂದೆ ನಾನು ಧಾರಣೆಗೆ ಕಾರಣ ಆರಿಸುತ್ತಿದ್ದಂತೆಯೇ ಈಗ ಅದು ನನಗಾಗಿ ಆರಿಸುತ್ತಿದೆ.

ಹೋದ ತಿಂಗಳು ಚನ್ನಗಿರಿಗೆ ಹೋಗಿದ್ದೆ. ಅಂಗಡಿ ಅಲ್ಲೇ ಇದೆ, ಹುರಿಗಳು ಈಗ ನಿಜವಾಗಿಯೂ ನೀಲಿ. ಕೇಳಿಯೇಬಿಟ್ಟೆ: ಅವತ್ತು ಹುರಿ ಓದಾಕೆ ಯಾಕೆ ಕಲಿಸಿದ್ರಿ ಭಾಯಿ? ನಾನು ಬರಿತೀನಿ ಅಂತ ಗೊತ್ತಿತ್ತಾ?

“ನೀವು ಬರೆದದ್ದು ನಾನೆಲ್ಲಿ ಓದೀನಿ?” ಎಂದರು.

“ಓದಿಲ್ಲ?” ಚೀಲದ ರಾಶಿಯ ಮೇಲಿಂದ ಹೆಂಡತಿ ತಲೆ ಎತ್ತದೆ ಹೇಳಿದರು. “ನನ್ನ ಕೈಲಿ ಮೂರು ಸಲ ಓದ್ಸಿ ಕೇಳಿದ್ರಲ್ಲ.”

ಭಾಯಿ ಜೋರಾಗಿ ನಕ್ಕು, ಒಬ್ಬ ಗಿರಾಕಿಯ ಕಡೆ ತಿರುಗಿ, ಬೆಳೆಯ ಸುದ್ದಿ ಎತ್ತದೆ, ಎಷ್ಟು ಚೀಲ ಬೇಕು ಎಂದು ಕೇಳಿದರು.

ಅವರ ಎಣಿಕೆ ಸರಿಯಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಅದು ದೀಪಾವಳಿಗೆ ಮೊದಲೇ ನಿಜವಾದದ್ದು ಮೋಡದಿಂದಲೋ, ನನ್ನ ಬರಹದಿಂದಲೋ, ಅವರೇ ನನ್ನಿಂದ ಹಾಗೆ ಬರೆಸಿದ್ದರಿಂದಲೋ, ನನಗೆ ಗೊತ್ತಿಲ್ಲ.